ಫೈಬರ್ ಬಾಡಿಯ ಕಾರು: ಬಿರುಕು, ಗುಳ್ಳೆ, ಏಳುವ ಬಣ್ಣ. ದೋಷದ ಮೂಲ ಹುಡುಕುವುದು ಹೇಗೆ?

ಉಡುಪಿಯ ನಮ್ಮ ಮನೆಯ ಶೆಡ್ಡಿನಲ್ಲಿ ಎರಡು ಸೀಟಿನ ಒಂದು ಪುಟ್ಟ ಕಾರಿದೆ. ನೋಡಲು 1950ರ ಹೊತ್ತಿನ ಇಂಗ್ಲೆಂಡಿನ ಕಾರಿನ ಹಾಗೇ ಇದೆ. ಉದ್ದ ಮೂತಿ, ಎರಡು ದೊಡ್ಡ ಲೈಟು, ಬಾಗಿದ ಮಡ್‌ಗಾರ್ಡು. ಆದರೆ ಅದು ಪ್ರತಿಕೃತಿ. ಚಾಸಿ ಕಬ್ಬಿಣದ್ದು, ಬಾಡಿ ಪೂರ್ತಿ ಫೈಬರ್. ತಂದ ಮೊದಲ ವರ್ಷವೇ ಎಡ ಮಡ್‌ಗಾರ್ಡಿನ ಮೇಲೆ ಕೂದಲೆಳೆಯಂಥ ಗೆರೆಗಳು ಕಂಡವು. ಒಂದು ಗ್ಯಾರೇಜಿಗೆ ಕೊಟ್ಟೆ. ಪುಟ್ಟಿ ತುಂಬಿ, ಉಜ್ಜಿ, ಚೆಂದದ ಕೆಂಪು ಬಣ್ಣ ಹೊಡೆದು ಕೊಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಅವೇ ಗೆರೆಗಳು ಅದೇ ಜಾಗದಲ್ಲಿ ಮತ್ತೆ ಎದ್ದವು.

ಎರಡನೇ ಸಲ ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಒಬ್ಬರನ್ನು ಕರೆದು ತೋರಿಸಿದೆ. ಅವರು ಮೇಲಿನ ಬಣ್ಣ ನೋಡಲೇ ಇಲ್ಲ. ಚಕ್ರದ ಪಕ್ಕ ಮಲಗಿ, ಮಡ್‌ಗಾರ್ಡಿನ ಅಡಿಗೆ ಟಾರ್ಚ್ ಹಿಡಿದು, "ಇಲ್ಲಿ ನೋಡಿ ಮಾರಾಯ್ರೇ, ಪೆಟ್ಟು ಬಿದ್ದಿರುವುದು ಒಳಗಿಂದ" ಅಂದರು. ಟಯರಿನಿಂದ ಸಿಡಿದ ಕಲ್ಲು ಅಡಿಯಿಂದ ಹೊಡೆದಿತ್ತು. ಅಲ್ಲಿ ನಾಲ್ಕಾಣೆ ಅಗಲದ ಬಿಳಿ ಮಚ್ಚೆ. ಗಾಜಿನ ನೂಲು ಮತ್ತು ಅದನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಬಿಟ್ಟುಕೊಂಡ ಜಾಗ ಅದು. ಮೇಲೆ ಎಷ್ಟು ಸಲ ಬಣ್ಣ ಹೊಡೆದರೂ ಗೆರೆ ಬರುತ್ತಲೇ ಇರುತ್ತಿತ್ತು.

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ. ಮೇಲೆ ಏನೇ ಕಾಣಲಿ, ಮೊದಲು ಹಿಂಬದಿ ನೋಡುವುದು. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮ ಕಾರಿನಲ್ಲಿ ಕಾಣುವ ಲಕ್ಷಣ ಹುಡುಕಿ, ಅಲ್ಲಿಂದ ಓದಿ. ಆದರೆ ಮುಂದಿನ ಎರಡು ಭಾಗ ಬಿಡಬೇಡಿ.

ಈ ಬಾಡಿ ಹೇಗೆ ಆಗಿರುತ್ತದೆ

ಫೈಬರ್ ಬಾಡಿಯನ್ನು ಅಚ್ಚಿನೊಳಗೆ ತಿರುವುಮುರುವಾಗಿ ಕಟ್ಟುತ್ತಾರೆ. ಮೊದಲು ಅಚ್ಚಿಗೆ ಮೇಣ ಸವರುತ್ತಾರೆ, ಬಾಡಿ ಅಂಟಿಕೊಳ್ಳದಿರಲಿ ಎಂದು. ಅದರ ಮೇಲೆ ಜೆಲ್‌ಕೋಟ್ ಎಂಬ ಗಟ್ಟಿ ಪದರ, ಸುಮಾರು ಅರ್ಧ ಮಿಲಿಮೀಟರ್. ಅದರ ಹಿಂದೆ ಗಾಜಿನ ನೂಲಿನ ಮ್ಯಾಟ್ ಹಾಸಿ ಪಾಲಿಯೆಸ್ಟರ್ ರೆಸಿನ್ ಕುಡಿಸುತ್ತಾರೆ. ಎರಡು ಮೂರು ಪದರ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸುತ್ತಾರೆ. ಅಂದರೆ ನಾವು ಬಣ್ಣ ಹೊಡೆಯುವ ಮುಖ ಮೇಣ ತಾಗಿದ್ದ ಮುಖ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಲ ಇರುವುದು ನೂಲಿನಲ್ಲಿ. ಜೆಲ್‌ಕೋಟ್ ಗಟ್ಟಿ, ಆದರೆ ಬಾಗುವುದಿಲ್ಲ, ಸೀಳುತ್ತದೆ. ಪುಟ್ಟಿಗೂ ಬಣ್ಣಕ್ಕೂ ಬಲವೇ ಇಲ್ಲ.

ದೋಣಿಯವರನ್ನು ಕರೆದದ್ದು ಸುಮ್ನೆ ಅಲ್ಲ. ಕಾರಿಗೂ ದೋಣಿಗೂ ಇದರಲ್ಲಿ ಹಳೆಯ ನಂಟಿದೆ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೇಯರ್ಸ್ ಮ್ಯಾಂಕ್ಸ್ ಎಂಬ ಫೈಬರ್ ಬಗ್ಗಿ ಕಟ್ಟಿದ ಬ್ರೂಸ್ ಮೇಯರ್ಸ್ ಅದಕ್ಕೂ ಮೊದಲು ಫೈಬರ್ ದೋಣಿ ಕಟ್ಟುತ್ತಿದ್ದವರು. ನಮ್ಮಲ್ಲೂ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಕಾರು ಫೈಬರ್ ಬಾಡಿಯಲ್ಲೇ ಬಂತು. ತಗಡಿನ ಕಾರಿನ ಟಿಂಕರಿಂಗ್ ಬಲ್ಲವರಿಗೆ ಇದು ಬೇರೆಯೇ ಕೆಲಸ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರಿನ ಕಡೆ ಫೈಬರ್ ಕೈಯಾಡಿಸಿದವರು ನಮಗೆ ಹತ್ತಿರದಲ್ಲೇ ಇದ್ದಾರೆ. ಅದು ಕರಾವಳಿಯವರ ಭಾಗ್ಯ.

ಮೊದಲ ಅರ್ಧ ಗಂಟೆ: ಖರ್ಚಿಲ್ಲದ ಪರೀಕ್ಷೆ

ಬೇಕಾದದ್ದು ಒಂದು ಟಾರ್ಚ್, ಐದು ರೂಪಾಯಿಯ ನಾಣ್ಯ, ಸೀಸದ ಕಡ್ಡಿ, ಮಾಸ್ಕಿಂಗ್ ಟೇಪ್.

ಕಾರನ್ನು ತೊಳೆದು ಒಣಗಿಸಿ. ನೆರಳಿನಲ್ಲಿ ನಿಲ್ಲಿಸಿ ಟಾರ್ಚನ್ನು ಬಾಡಿಗೆ ಒರಗಿಸಿ ಅಡ್ಡ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಗೆರೆ, ಉಬ್ಬು ಎಲ್ಲ ಕಾಣುತ್ತವೆ. ಆಮೇಲೆ ಅದೇ ಜಾಗದ ಹಿಂಬದಿ ನೋಡಿ. ಮಡ್‌ಗಾರ್ಡಿನ ಅಡಿ, ಬಾನೆಟ್ಟಿನ ಒಳಮೈ, ಡಿಕ್ಕಿಯ ಒಳಗೆ. ಕೆಸರು ಕೆರೆದು ನೋಡಬೇಕು. ಬಿಳಿ ಮಚ್ಚೆ, ಎದ್ದ ನೂಲು, ಒದ್ದೆ ಕಲೆ ಇದ್ದರೆ ಗುರುತು ಹಾಕಿ.

ಈಗ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ, ಎರಡು ಬೆರಳಿಗೊಮ್ಮೆ. ಗಟ್ಟಿ ಜಾಗ "ಟಕ್ ಟಕ್" ಎನ್ನುತ್ತದೆ. ಪದರ ಬಿಟ್ಟ ಜಾಗ, ಪುಟ್ಟಿ ದಪ್ಪ ಇರುವ ಜಾಗ "ಡಬ್ ಡಬ್" ಎನ್ನುತ್ತದೆ. ಹಲಸಿನಹಣ್ಣು ತಟ್ಟಿ ನೋಡುವ ಕಿವಿ ಇದ್ದರೆ ಇದು ಕಷ್ಟವಲ್ಲ. ಸದ್ದು ಬದಲಾಗುವ ಗಡಿಯನ್ನು ಸೀಸದ ಕಡ್ಡಿಯಿಂದ ಸುತ್ತು ಹಾಕಿ. ದೋಷ ಬಣ್ಣದಲ್ಲಿ ಕಾಣುವುದಕ್ಕಿಂತ ಎಷ್ಟು ದೊಡ್ಡದು ಎಂದು ಆಗ ತಿಳಿಯುತ್ತದೆ.

ಲಕ್ಷಣ: ಕೂದಲೆಳೆಯಂಥ ಗೆರೆಗಳು

ಗೆರೆಯ ಆಕಾರವೇ ಕಾರಣ ಹೇಳುತ್ತದೆ. ಹಾಗಾಗಿ ಉಜ್ಜುವ ಮೊದಲು ಒಂದು ಫೋಟೊ ತೆಗೆದಿಡಿ. ಉಜ್ಜಿದ ಮೇಲೆ ಸಾಕ್ಷಿ ಇರುವುದಿಲ್ಲ.

ಒಂದು ಚುಕ್ಕಿಯಿಂದ ನಕ್ಷತ್ರದ ಹಾಗೆ ಹರಡಿದ್ದರೆ, ಅಥವಾ ಉಂಗುರದೊಳಗೆ ಉಂಗುರ ಇದ್ದರೆ, ಅದು ಪೆಟ್ಟು. ನಕ್ಷತ್ರವಾದರೆ ಪೆಟ್ಟು ಹಿಂದಿನಿಂದ ಬಿದ್ದಿರುವ ಸಾಧ್ಯತೆ ಜಾಸ್ತಿ. ಹಿಂಬದಿಯಲ್ಲಿ ಬಿಳಿ ಮಚ್ಚೆ ಇದೆಯಾ ನೋಡಿ.

ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿದ್ದರೆ ಅಲ್ಲಿ ಬಾಡಿ ಬಾಗುತ್ತಿದೆ ಎಂದರ್ಥ. ಬಾಗಿಲಿನ ಮೂಲೆ, ಹಿಂಜ್ ಕೂರುವ ಜಾಗ, ಬಾನೆಟ್ಟಿನ ಅಂಚು ಇದಕ್ಕೆ ಹೆಸರುವಾಸಿ. ಮನೆಯವರೊಬ್ಬರಿಗೆ ಬಾಗಿಲು ತೆರೆದು ಮುಚ್ಚಲು ಹೇಳಿ, ಗೆರೆಯ ಮೇಲೆ ಬೆರಳಿಡಿ. ಬೆರಳಿಗೆ ಮಿಸುಕಾಟ ಸಿಕ್ಕರೆ ಕಾರಣ ಸಿಕ್ಕಿದ ಹಾಗೆ. ಬಾಡಿಗೂ ಚಾಸಿಗೂ ನಡುವೆ ಇರುವ ರಬ್ಬರ್ ಪ್ಯಾಡ್ ಕರಗಿ ಹೋಗಿರಬಹುದು. ಬೋಲ್ಟನ್ನು ಅತಿಯಾಗಿ ಬಿಗಿದಿರಬಹುದು. ಚಿಕ್ಕ ವಾಷರ್ ಹಾಕಿ ಎಲ್ಲ ಭಾರ ಒಂದು ತೂತಿನ ಸುತ್ತ ಬಿದ್ದಿರಬಹುದು. ಈ ಮೂರೂ ಕಡಿಮೆ ಖರ್ಚಿನಲ್ಲಿ ಸರಿಯಾಗುತ್ತವೆ. ಹೊಸ ರಬ್ಬರ್, ಅಗಲ ವಾಷರ್, ಬೋಲ್ಟಿಗಿಂತ ತುಸು ದೊಡ್ಡ ತೂತು. ಇದನ್ನು ಸರಿಮಾಡದೆ ಬಣ್ಣಕ್ಕೆ ಹೋದರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಇನ್ನು ಗೊತ್ತುಗುರಿಯಿಲ್ಲದೆ, ಒಣಗಿದ ಕೆರೆಯ ತಳದ ಹಾಗೆ ಸೀಳಿದ್ದರೆ ಅದು ಬಣ್ಣದ ದೋಷ. ದಪ್ಪವಾಗಿ ಹೊಡೆದ ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೈಂಟ್ ಫೈಬರ್ ಮೇಲೆ ಹೀಗೆ ಒಡೆಯುತ್ತದೆ. ಒಂದು ಅಂಗೈ ಅಗಲ 320 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ನೋಡಿ. ಪ್ರೈಮರ್ ತಲುಪುವಷ್ಟರಲ್ಲಿ ಗೆರೆ ಮಾಯವಾದರೆ ನಿಮ್ಮ ಅದೃಷ್ಟ. ಜೆಲ್‌ಕೋಟಿನಲ್ಲೂ ಗೆರೆ ಮುಂದುವರಿದರೆ ಕೆಲಸ ಆಳದ್ದು.

ಗೆರೆ ಬೆಳೆಯುತ್ತಿದೆಯಾ ಎಂಬ ಅನುಮಾನ ಇದ್ದರೆ ಎರಡು ತುದಿಗೂ ಸೀಸದ ಕಡ್ಡಿಯ ಗುರುತು ಹಾಕಿ ತಾರೀಕು ಬರೆಯಿರಿ. ಒಂದು ತಿಂಗಳು ಓಡಿಸಿ. ಗುರುತು ದಾಟಿದರೆ ಬಾಗುವಿಕೆ ಇನ್ನೂ ಇದೆ.

ಜೆಲ್‌ಕೋಟಿನಲ್ಲಿ ಮಾತ್ರ ಇರುವ ಗೆರೆಗೆ ಮೇಲಿಂದ ಪುಟ್ಟಿ ತೀಡಿದರೆ ಆಗುವುದಿಲ್ಲ. ಕೂದಲಿನಷ್ಟು ಸಣ್ಣ ಸೀಳಿನೊಳಗೆ ಪುಟ್ಟಿ ಇಳಿಯುವುದೇ ಇಲ್ಲ. ಒಂದೆರಡು ಗೆರೆಯಾದರೆ ಚೂಪು ಸ್ಕ್ರೇಪರಿನ ಮೂಲೆಯಿಂದ ಅದನ್ನು ಇಂಗ್ಲಿಷಿನ ವಿ ಆಕಾರಕ್ಕೆ ಅಗಲ ಮಾಡಿ ತುಂಬಬೇಕು. ಗೆರೆಗಳು ಬಲೆಯ ಹಾಗಿದ್ದರೆ ಅಷ್ಟು ಜಾಗದ ಜೆಲ್‌ಕೋಟನ್ನೇ ಉಜ್ಜಿ ತೆಗೆದು, ತೆಳು ಟಿಶ್ಯೂ ಮ್ಯಾಟ್ ಒಂದು ಪದರ ರೆಸಿನ್‌ನಲ್ಲಿ ಹಾಸಿ, ಅದರ ಮೇಲೆ ಪುಟ್ಟಿ ಮತ್ತು ಪ್ರೈಮರ್. ನನ್ನ ಮಡ್‌ಗಾರ್ಡಿಗೆ ಹೀಗೇ ಮಾಡಿದ್ದು, ಒಳಗಿನ ಮಚ್ಚೆಗೆ ಎರಡು ಪದರ ಮ್ಯಾಟ್ ಹಾಕಿದ ಮೇಲೆ.

ಲಕ್ಷಣ: ಉಗುರು ಸಿಕ್ಕುವ ಬಿರುಕು, ಒತ್ತಿದರೆ ಬಾಯಿ ಬಿಡುತ್ತದೆ

ಇದು ನೂಲು ಹರಿದ ಬಿರುಕು. ಹಿಂಬದಿಯಿಂದ ಟಾರ್ಚ್ ಬಿಟ್ಟು ಕತ್ತಲಲ್ಲಿ ನೋಡಿ, ಬೆಳಕು ತೂರಿ ಬರಬಹುದು.

ನಮ್ಮ ಕಡೆ ಇಂಥದ್ದಕ್ಕೆ ಎಂ-ಸೀಲ್ ತುಂಬುವುದು ರೂಢಿ. ಎಂ-ಸೀಲ್ ಪೈಪಿಗೆ, ಟ್ಯಾಂಕಿಗೆ ಒಳ್ಳೆಯದೇ. ಆದರೆ ಅದರಲ್ಲಿ ನೂಲಿಲ್ಲ. ಹರಿದ ಬಟ್ಟೆಗೆ ಅಂಟು ಸವರಿದರೆ ಹೇಗೋ ಹಾಗೆ. ಹರಿದ ನೂಲಿನ ಬದಲಿಗೆ ಹೊಸ ನೂಲೇ ಬೇಕು.

ಕ್ರಮ ಹೀಗೆ. ಹಿಂಬದಿಯ ಕೊಳೆ, ಅಂಡರ್‌ಕೋಟ್ ಎಲ್ಲ ಕೆರೆದು, ಮೊದಲು ಅಸಿಟೋನ್‌ನಲ್ಲಿ ಒರೆಸಿ. 36 ಅಥವಾ 40 ನಂಬರ್ ಪೇಪರಿನಲ್ಲಿ ಬಿರುಕಿನ ಎರಡೂ ಬದಿಯನ್ನು ಇಳಿಜಾರಾಗಿ ಉಜ್ಜಿ. ಎಷ್ಟು ಅಗಲ? ಬಾಡಿಯ ದಪ್ಪದ ಹನ್ನೆರಡು ಪಟ್ಟು ಎಂಬುದು ದೋಣಿಯವರ ಲೆಕ್ಕ. 3 ಮಿಲಿಮೀಟರ್ ದಪ್ಪವಾದರೆ ಪ್ರತಿ ಬದಿಗೆ 36 ಮಿಲಿಮೀಟರ್, ಅಂದರೆ ಸುಮಾರು ಒಂದೂವರೆ ಇಂಚು. ಇಷ್ಟೊಂದಾ ಅನ್ನಿಸುತ್ತದೆ. ಆದರೆ ಹೊಸ ಪದರ ಹಳೆಯದನ್ನು ಹಿಡಿದುಕೊಳ್ಳುವುದು ಈ ಇಳಿಜಾರಿನಲ್ಲೇ. ಇಲ್ಲಿ ಕಂಜೂಸಿ ಮಾಡಿದರೆ ಪ್ಯಾಚಿನ ಅಂಚು ನಾಳೆ ಮೇಲೆ ಗೆರೆಯಾಗಿ ಕಾಣುತ್ತದೆ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ. ಮ್ಯಾಟನ್ನು ಕತ್ತರಿಸದೆ ಕೈಯಲ್ಲಿ ಹರಿದರೆ ಅಂಚು ಚೆನ್ನಾಗಿ ಬೆರೆಯುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಬ್ರಷ್ಷಿನಲ್ಲಿ ಎಳೆಯಬೇಡಿ, ಕುಟ್ಟುತ್ತಾ ಕುಡಿಸಿ. ಮ್ಯಾಟಿನ ಬಿಳಿ ಹೋಗಿ ಗಾಜಿನಂತಾಗಬೇಕು. ಬಿಳಿ ಉಳಿದ ಕಡೆ ಗಾಳಿ ಇದೆ. ಸಣ್ಣ ರೋಲರಿನಿಂದ ಒತ್ತಿ ಓಡಿಸಿ. ಒಂದು ಪ್ಯಾಚಿಗೆ ಎಷ್ಟು ಬೇಕೋ ಅಷ್ಟೇ ರೆಸಿನ್‌ಗೆ ಹಾರ್ಡ್‌ನರ್ (ಅದನ್ನು ಗಟ್ಟಿ ಮಾಡುವ ದ್ರವ) ಹಾಕಿ ಕಲಸಿ, ಅಳತೆ ಮುಂದಿನ ಭಾಗದಲ್ಲಿದೆ. ಲೋಟದ ತುಂಬ ಕಲಸಿಟ್ಟರೆ ಅದು ತಾನಾಗಿ ಕಾದು ಹೊಗೆ ಬರುತ್ತದೆ. ಹಾಗಾದರೆ ಅಂಗಳದ ಮಣ್ಣಿನ ಮೇಲೆ, ಎಲ್ಲದರಿಂದ ದೂರ ಇಟ್ಟುಬಿಡಿ.

ಹಿಂಬದಿ ಗಟ್ಟಿಯಾದ ಮೇಲೆ ಮುಂಬದಿಗೆ ಅದೇ ಇಳಿಜಾರು, ತೆಳು ಮ್ಯಾಟ್, ಕೊನೆಗೆ ಪುಟ್ಟಿ. ಪುಟ್ಟಿ ಇರುವುದು ಮೈ ಸಮ ಮಾಡಲು ಮಾತ್ರ. ಒಂದೆರಡು ಮಿಲಿಮೀಟರಿಗಿಂತ ದಪ್ಪ ಬೇಕಾಗಿದೆ ಎಂದರೆ ಕೆಳಗಿನ ಮ್ಯಾಟ್ ಕೆಲಸ ಸರಿಯಾಗಿಲ್ಲ.

ಇಲ್ಲಿ ನಿಲ್ಲಬೇಕಾದ ಜಾಗವೂ ಇದೆ. ಸೀಟ್ ಬೆಲ್ಟ್ ಬಿಗಿದ ಜಾಗ, ಬಾಗಿಲಿನ ಹಿಂಜ್, ಸ್ಟೇರಿಂಗ್ ಕಾಲಂ ಹಿಡಿದಿರುವ ಭಾಗ, ಬಾಡಿ ಚಾಸಿಗೆ ಕೂರುವ ಪಾಯಿಂಟ್. ಇಲ್ಲಿ ಬಿರುಕಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಕಾರು ಓಡಿಸಲೂ ಬೇಡಿ. ಅಪಘಾತವಾದ ಕಾರಿಗೂ ಇದೇ ಮಾತು. ಚಾಸಿ ತಿರುಚಿದೆಯಾ ಎಂದು ಅಳೆದ ಮೇಲೇ ಬಾಡಿಯ ಕೆಲಸ.

ಲಕ್ಷಣ: ಹಚ್ಚಿದ ರೆಸಿನ್ ಅಂಟಂಟಾಗಿಯೇ ಇದೆ

ಉಗುರಿನಿಂದ ಒತ್ತಿ ನೋಡಿ. ಮೇಲ್ಮೈ ಮಾತ್ರ ಅಂಟು, ಕೆಳಗೆ ಗಟ್ಟಿ ಇದ್ದರೆ ಅದು ದೋಷವಲ್ಲ. ಗಾಳಿ ತಾಗುವ ಕಡೆ ಪಾಲಿಯೆಸ್ಟರ್ ರೆಸಿನ್ ಪೂರ್ತಿ ಒಣಗುವುದಿಲ್ಲ. ಅಸಿಟೋನ್‌ನಲ್ಲಿ ಒರೆಸಿ, ಉಜ್ಜಿ ಮುಂದುವರಿಸಿ. ಉಗುರು ಒಳಗೇ ಇಳಿದರೆ ಹಾರ್ಡ್‌ನರ್ ಕಡಿಮೆಯಾಗಿದೆ, ಅಥವಾ ಸರಿ ಕಲಸಿಲ್ಲ, ಅಥವಾ ಮ್ಯಾಟ್ ತೇವ ಹಿಡಿದಿತ್ತು. ಒಂದು ದಿನ ಬಿಸಿಲಿಗಿಟ್ಟು ನೋಡಿ. ಆಗಲೂ ಮೆತ್ತಗಿದ್ದರೆ ಕೆರೆದು ತೆಗೆಯುವುದೇ ದಾರಿ. ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಸರಿಯಾಗುವುದಿಲ್ಲ.

100 ಗ್ರಾಂ ರೆಸಿನ್‌ಗೆ ಹಾರ್ಡ್‌ನರ್ 1 ಗ್ರಾಂಗಿಂತ ಕಡಿಮೆ ಬೇಡ, 2 ಗ್ರಾಂ ದಾಟುವುದೂ ಬೇಡ. ನಮ್ಮ ಸೆಕೆಗೆ 1ರ ಹತ್ತಿರವೇ ಸಾಕು. ಅಂದಾಜು ಬೇಡ. ಅಡುಗೆಗೆ ಬಳಸದ ಒಂದು ಪುಟ್ಟ ತೂಕದ ಯಂತ್ರ ಇಟ್ಟುಕೊಳ್ಳಿ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡಬಹುದು. ನೇರಳೆ ಬಣ್ಣದ್ದು ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವಂಥದ್ದು), ಬಣ್ಣವಿಲ್ಲದ್ದು ಹಾರ್ಡ್‌ನರ್. ಇವೆರಡನ್ನೂ ಎಂದಿಗೂ ನೇರವಾಗಿ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು, ಆಮೇಲೆ ಹಾರ್ಡ್‌ನರ್. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ, ಬೇರೆ ಬೇರೆ ಕಡ್ಡಿ. ಕೋಬಾಲ್ಟ್ ಮೊದಲೇ ಬೆರೆತಿರುವ ರೆಸಿನ್ ಕೂಡ ಸಿಗುತ್ತದೆ. ಮನೆಯಲ್ಲಿ ಮಾಡುವವರು ಅದನ್ನೇ ಕೇಳಿ ತನ್ನಿ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಸುರಕ್ಷತಾ ಕನ್ನಡಕ ಹಾಕದೆ ಬಾಟಲಿ ತೆರೆಯಬೇಡಿ. ಬಿದ್ದರೆ ಕೂಡಲೇ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಲಕ್ಷಣ: ಮಳೆಗಾಲ ಕಳೆದ ಮೇಲೆ ಗುಳ್ಳೆ

ಕರಾವಳಿಯಲ್ಲಿ ಇದೇ ಜಾಸ್ತಿ. ಗುಳ್ಳೆಗಳು ಎಲ್ಲಿವೆ ಎಂದು ಮೊದಲು ನೋಡಿ. ಬಾನೆಟ್, ಡಿಕ್ಕಿಯ ಮುಚ್ಚಳದಂಥ ಅಡ್ಡ ಮೈಯಲ್ಲಿ ಮಾತ್ರ ಇದ್ದರೆ ಕಾರಿನ ಹೊದಿಕೆಯ ಮೇಲೆ ಅನುಮಾನ ಪಡಿ. ಪ್ಲಾಸ್ಟಿಕ್ ಶೀಟ್ ಹೊದಿಸಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಟ್ಟರೆ ಅಡಿಯಲ್ಲಿ ನೀರು ಬೆವರಿ ಅಲ್ಲೇ ನಿಲ್ಲುತ್ತದೆ. ಬಣ್ಣ ದಿನಗಟ್ಟಲೆ ನೆನೆಯುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ, ಇಲ್ಲವೇ ಶೆಡ್ಡಿನೊಳಗೆ ಹೊದಿಕೆಯಿಲ್ಲದೆ ಬಿಡಿ. ಕೆಲವು ಸಲ ಬಿಸಿಲಿಗೆ ನಿಲ್ಲಿಸಿದ ಒಂದೆರಡು ವಾರದಲ್ಲಿ ಸಣ್ಣ ಗುಳ್ಳೆ ಕೂತುಬಿಡುತ್ತದೆ.

ಕೂರದಿದ್ದರೆ ಒಂದನ್ನು ಸೂಜಿಯಿಂದ ಚುಚ್ಚಿ. ಕನ್ನಡಕ ಹಾಕಿಕೊಳ್ಳಿ, ಒಳಗಿನ ದ್ರವ ಚಿಮ್ಮುವುದುಂಟು. ಒಳಗೆ ಒಣಗಿದ್ದರೆ ಥಿನ್ನರ್ ಅಥವಾ ಗಾಳಿ ಸಿಕ್ಕಿಬಿದ್ದಿದೆ. ಒಂದರ ಮೇಲೊಂದು ಕೋಟನ್ನು ಅವಸರದಲ್ಲಿ ಹೊಡೆದಿದ್ದಾರೆ. ಬರೀ ನೀರು ಬಂದರೆ ಪುಟ್ಟಿ ನೀರು ಕುಡಿದಿದೆ. ಹುಳಿ ವಾಸನೆಯ, ಬೆರಳಿಗೆ ಜಿಗುಟಾಗುವ ದ್ರವ ಬಂದರೆ ನೀರು ಜೆಲ್‌ಕೋಟನ್ನೂ ದಾಟಿ ಮ್ಯಾಟಿನೊಳಗೆ ಹೋಗಿದೆ. ದಿನವಿಡೀ ನೀರಿನಲ್ಲಿರುವ ದೋಣಿಗೆ ಈ ಕಾಯಿಲೆ ಸಾಮಾನ್ಯ, ಕಾರಿಗೆ ಅಪರೂಪ. ಹೀಗಿದ್ದರೆ ಜೆಲ್‌ಕೋಟ್ ತೆಗೆದು ವಾರಗಟ್ಟಲೆ ಒಣಗಿಸಬೇಕಾಗುತ್ತದೆ. ದೋಣಿಯವರಿಗೇ ತೋರಿಸಿ.

ನಾನು ಕಂಡ ಮಟ್ಟಿಗೆ ಎರಡನೆಯದೇ, ಅಂದರೆ ಪುಟ್ಟಿ ನೀರು ಕುಡಿಯುವುದೇ, ಹೆಚ್ಚು. ಅದರ ಮೂಲ ಕೆಲಸದ ರೂಢಿಯಲ್ಲಿದೆ. ಪುಟ್ಟಿ ಹಚ್ಚಿ, ವಾಟರ್ ಪೇಪರಿನಲ್ಲಿ ನೀರು ಸುರಿಯುತ್ತಾ ಉಜ್ಜುತ್ತಾರೆ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನ ಹಾಗೆ, ಅದು ನೀರು ಹೀರುತ್ತದೆ. ಮೇಲೆ ಒಣಗಿದಂತೆ ಕಂಡಾಗ ಪ್ರೈಮರ್ ಹೊಡೆದರೆ ನೀರು ಒಳಗೇ ಉಳಿಯಿತು. ಮುಂದೆ ಬಿಸಿಲಿಗೆ ಅದು ಆವಿಯಾಗಿ ಬಣ್ಣವನ್ನು ಎತ್ತುತ್ತದೆ. ಪುಟ್ಟಿಯನ್ನು ಒಣ ಪೇಪರಿನಲ್ಲೇ ಉಜ್ಜಬೇಕು, ಮೊದಲು 80, ಆಮೇಲೆ 180. ನೀರು ಬಳಸುವುದು ಪ್ರೈಮರ್ ಆದ ಮೇಲೆ. ಇದೊಂದನ್ನು ಗ್ಯಾರೇಜಿನವರಿಗೆ ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿ.

ಬಣ್ಣ ತೆಗೆದ ಮೇಲೆ ಮೈ ಒಣಗಿದೆಯಾ ಎಂದು ತಿಳಿಯಲು ಒಂದು ಚದರ ಅಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಬಿಸಿಲಿಗಿಡಿ. ಸಂಜೆ ಒಳಗೆ ಮಂಜು ಹನಿ ಕಂಡರೆ ಇನ್ನೂ ಕಾಯಬೇಕು.

ಲಕ್ಷಣ: ಬಣ್ಣ ಹಾಳೆಯ ಹಾಗೆ ಏಳುತ್ತದೆ

ಬೇಡದ ಮೂಲೆಯಲ್ಲಿ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದು, ಟೇಪ್ ಒತ್ತಿ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಹಿಡಿತ ಇಲ್ಲ. ಅವುಗಳ ಹಿಂಬದಿ ನೋಡಿ. ಪ್ರೈಮರ್ ಸಮೇತ ಬಂದು ಕೆಳಗೆ ನಯವಾದ ಜೆಲ್‌ಕೋಟ್ ಕಂಡರೆ ಅಚ್ಚಿನ ಮೇಣ ಹೋಗಿಲ್ಲ, ಉಜ್ಜಿಯೂ ಇಲ್ಲ. ಪ್ರೈಮರ್ ಉಳಿದು ಬಣ್ಣ ಮಾತ್ರ ಬಂದರೆ ಕೋಟಿನ ನಡುವೆ ಉಜ್ಜಿಲ್ಲ, ಅಥವಾ ಎರಡು ಬಗೆಯ ಪೈಂಟಿಗೆ ಹೊಂದಿಕೆಯಿಲ್ಲ. ಮೊದಲನೆಯದಾದರೆ ಒಂದು ಕಡೆ ಎದ್ದದ್ದು ಉಳಿದ ಕಡೆಯೂ ಏಳುತ್ತದೆ. ತುಂಡು ರಿಪೇರಿ ಬೇಡ, ಪೂರ್ತಿ ಇಳಿಸಿ.

ಮೇಣ ತೆಗೆಯುವುದರಲ್ಲಿ ಕ್ರಮ ತಪ್ಪಬಾರದು. ಮೊದಲು ಮೇಣ ತೆಗೆಯುವ ದ್ರಾವಣದಲ್ಲಿ ಒರೆಸಬೇಕು, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು. ಆಮೇಲೆ ಉಜ್ಜಬೇಕು. ತಿರುಗುಮುರುಗಾದರೆ ಪೇಪರೇ ಮೇಣವನ್ನು ಗೀರುಗಳೊಳಗೆ ತುಂಬುತ್ತದೆ. ಕೊನೆಗೆ ನೀರು ಸುರಿದು ನೋಡಿ. ನೀರು ಚಾದರದ ಹಾಗೆ ಹರಡಿದರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮುದ್ದೆಯಾದರೆ ಮೇಣ ಇನ್ನೂ ಇದೆ.

ಹಳೆ ಬಣ್ಣ ಇಳಿಸಲು ತಗಡಿಗೆ ಬಳಸುವ ಪೈಂಟ್ ರಿಮೂವರ್ ಬೇಡವೇ ಬೇಡ. ಅದು ಬಣ್ಣವನ್ನು ತಿಂದು ಜೆಲ್‌ಕೋಟನ್ನೂ ರೆಸಿನ್ನನ್ನೂ ಮೆತ್ತಗೆ ಮಾಡುತ್ತದೆ. ಬ್ಲೋ ಲ್ಯಾಂಪ್ ಕೂಡ ಬೇಡ. ಕೈಯಲ್ಲಿ ಉಜ್ಜಿಯೇ ಇಳಿಸಬೇಕು. ನನ್ನ ಕಾರಿಗೆ ಮೂರು ವಾರಾಂತ್ಯ ಹಿಡಿಯಿತು.

ಲಕ್ಷಣ: ಬಿಸಿಲಿಗೆ ನಿಂತ ಮೇಲೆ ಮ್ಯಾಟಿನ ನೂಲು ಮೇಲೆ ಮೂಡುತ್ತದೆ

ಹೊಸ ರೆಸಿನ್ ಗಟ್ಟಿಯಾದ ಮೇಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಬಿಸಿಯಾದರೆ ಬೇಗ ಕುಗ್ಗುತ್ತದೆ. ಅವಸರದಲ್ಲಿ ಬಣ್ಣ ಹೊಡೆದರೆ ಪ್ಯಾಚಿನ ಗಡಿ, ನೂಲಿನ ಗುರುತು ಎಲ್ಲ ಆಮೇಲೆ ಮೂಡುತ್ತವೆ. ಕಪ್ಪು, ಕಡು ಹಸಿರು ಹೆಚ್ಚು ಕಾಯುವುದರಿಂದ ಅವುಗಳಲ್ಲಿ ಜಾಸ್ತಿ. ಪ್ರೈಮರ್ ಹಂತದಲ್ಲೇ ಕೆಲವು ದಿನ ಬಿಸಿಲು ತೋರಿಸಿ, ಮತ್ತೆ ಸಮ ಉಜ್ಜಿ, ಆಮೇಲೆ ಬಣ್ಣ. ಈಗಾಗಲೇ ಮೂಡಿದ್ದರೆ ಪೂರ್ತಿ ಕುಗ್ಗಲು ಒಂದು ಬೇಸಿಗೆ ಬಿಟ್ಟು ಉಜ್ಜುವುದು ಒಳ್ಳೆಯದು. ಬಲಕ್ಕೆ ಇದರಿಂದ ತೊಂದರೆಯಿಲ್ಲ.

ಲಕ್ಷಣ: ಸ್ಪ್ರೇ ಮಾಡುತ್ತಿರುವಾಗಲೇ ಕೆಡುತ್ತಿದೆ

ಮೀನಿನ ಕಣ್ಣಿನಂಥ ಗುಳಿಗಳು ಬಿದ್ದರೆ ಎಣ್ಣೆ ಅಥವಾ ಸಿಲಿಕಾನ್. ಟಯರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಅದೇ ಶೆಡ್ಡಿನಲ್ಲಿ ಬಳಸಿದ್ದರೂ ಸಾಕು. ಕಂಪ್ರೆಸರ್ ಗಾಳಿಯನ್ನು ಒಂದು ನಿಮಿಷ ಕನ್ನಡಿಗೆ ಹಿಡಿದು ನೋಡಿ. ಎಣ್ಣೆಯ ಚುಕ್ಕೆ, ನೀರಿನ ಹನಿ ಕಾಣುತ್ತವೆ. ಟ್ಯಾಂಕಿನ ನೀರನ್ನು ಪ್ರತಿ ದಿನ ಬಿಡಬೇಕು.

ಸೂಜಿಮೊನೆಯ ತೂತುಗಳಿದ್ದರೆ ಅವು ಜೆಲ್‌ಕೋಟಿನ ಗಾಳಿಗುಳ್ಳೆ. ಪ್ರೈಮರ್ ಜಾಸ್ತಿ ಹೊಡೆದರೆ ಮುಚ್ಚಿದ ಹಾಗೆ ಕಂಡು ಮರುದಿನ ಬಾಯಿ ಬಿಡುತ್ತವೆ. ತೆಳು ಪುಟ್ಟಿಯನ್ನು ಬ್ಲೇಡಿನಿಂದ ಒತ್ತಿ ತುಂಬಿ.

ಬಣ್ಣ ಒಣಗುತ್ತಾ ಹಾಲಿನಂತೆ ಮಂಕಾದರೆ ಗಾಳಿಯ ತೇವ. ಥಿನ್ನರ್ ಹಾರುವಾಗ ಮೈ ತಣ್ಣಗಾಗಿ ಅದರ ಮೇಲೆ ಇಬ್ಬನಿ ಕೂರುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತು) ತೆರೆದ ಶೆಡ್ಡಿನಲ್ಲಿ ಸ್ಪ್ರೇ ಮಾಡಿಸಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಗಿನ ಇಬ್ಬನಿ ಆರಿದ ಮೇಲೆ. ಆ ದಿನ ಸರಿಯಾ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಬಾಡಿಯ ಅಂಗೈ ಅಗಲ ಜಾಗ ಒರೆಸಿ. 15 ನಿಮಿಷದಲ್ಲಿ ಆರದಿದ್ದರೆ ಅಂದು ಬೇಡ.

ಟೂ-ಪ್ಯಾಕ್ ಪಿಯು ಪೈಂಟ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಫೈಬರಿಗೆ ಒಳ್ಳೆಯದು, ಬೇಗ ಒಡೆಯುವುದಿಲ್ಲ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೋಸೈನೇಟ್ ಇದೆ. ಅದರ ಮಂಜು ಉಸಿರಿಗೆ ಹೋದರೆ ಉಬ್ಬಸ ಹಿಡಿಯಬಹುದು. ಒಮ್ಮೆ ಹಿಡಿದವರಿಗೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕರ್ಚೀಫು, ಧೂಳಿನ ಮಾಸ್ಕು ಏನೂ ತಡೆಯುವುದಿಲ್ಲ. ಹೊರಗಿನ ಗಾಳಿ ಕೊಡುವ ಮಾಸ್ಕ್ ಇರುವ ಬೂತ್‌ನಲ್ಲೇ ಮಾಡಿಸಿ. ಉಜ್ಜುವ, ಪ್ಯಾಚ್ ಹಾಕುವ ಕೆಲಸ ನಾನೇ ಮಾಡುತ್ತೇನೆ. ಪಿಯು ಸ್ಪ್ರೇ ಮನೆಯಲ್ಲಿ ಮಾಡುವುದಿಲ್ಲ. ಮಕ್ಕಳಿರುವ ಮನೆ ನಮ್ಮದು.

ಬೂತ್‌ನವರಿಗೆ ಇದು ಫೈಬರ್ ಎಂದು ಮೊದಲೇ ಹೇಳಿ. ತಗಡಿನ ಕಾರಿನಂತೆ ಜಾಸ್ತಿ ಬಿಸಿಯಲ್ಲಿ ಬೇಕ್ ಮಾಡಿದರೆ ಬಾಡಿ ಸೊಟ್ಟಗಾಗಬಹುದು.

ಲಕ್ಷಣ: ಬೋಲ್ಟಿನ ಸುತ್ತ ಕಂದು ನೀರು ಇಳಿದ ಕಲೆ

ಫೈಬರ್ ತುಕ್ಕು ಹಿಡಿಯುವುದಿಲ್ಲ, ಅದರೊಳಗೆ ಹೂತಿಟ್ಟ ಕಬ್ಬಿಣದ ಪಟ್ಟಿ ಹಿಡಿಯುತ್ತದೆ. ತುಕ್ಕು ಹಿಗ್ಗಿ ಪದರವನ್ನು ಒಳಗಿಂದಲೇ ಸೀಳುತ್ತದೆ. ಸುತ್ತ ನಾಣ್ಯ ತಟ್ಟಿ. ಸದ್ದು ಗಟ್ಟಿ ಇದ್ದರೆ ಬೋಲ್ಟ್ ಮಾತ್ರ ಬದಲಿಸಿ. ಉಪ್ಪುಗಾಳಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಬಾಳುತ್ತದೆ. ಡಬ್ ಎಂದರೆ ಪಟ್ಟಿಯನ್ನು ಕೊಯ್ದು ತೆಗೆದು ಹೊಸದು ಕೂರಿಸಬೇಕು, ಅದು ಬಲ್ಲವರ ಕೆಲಸ. ಮರವಂತೆಯ ಕಡೆ ಸಮುದ್ರದ ಬದಿಯಲ್ಲಿ ಓಡಿಸಿ ಬಂದ ದಿನ ಅಡಿಭಾಗಕ್ಕೆ ಸಿಹಿನೀರು ಬಿಟ್ಟು ತೊಳೆಯುವುದು ನಮ್ಮ ಮನೆಯ ರೂಢಿ.

ಲಕ್ಷಣ: ಪೈಂಟ್ ಆಗಿ ಬಂದ ಮೇಲೆ ಲೈಟ್ ಮಂಕು

ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಪ್ರತಿ ಲೈಟಿನಿಂದ ಚಾಸಿಗೆ ಬೇರೆ ಅರ್ತ್ ವೈರ್ ಇರುತ್ತದೆ. ಬಣ್ಣಕ್ಕಾಗಿ ಬಿಚ್ಚಿದವರು ಅದನ್ನು ಮರೆತಿರುತ್ತಾರೆ, ಇಲ್ಲವೇ ಟರ್ಮಿನಲ್ ಮೇಲೆ ಬಣ್ಣ ಕೂತಿರುತ್ತದೆ. ಬ್ಯಾಟರಿ ತಂತಿ ತೆಗೆದು, ಟರ್ಮಿನಲ್ ಕೆರೆದು ಬಿಗಿಯಿರಿ. ಐದು ನಿಮಿಷದ ಕೆಲಸ.

ಕೈ ಹಾಕುವ ಮೊದಲು, ಕೊಡುವ ಮೊದಲು

ಉಜ್ಜುವಾಗ ಏಳುವ ಗಾಜಿನ ಪುಡಿ ಚರ್ಮಕ್ಕೆ ತುರಿ, ಎದೆಗೆ ಕೇಡು. ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೆಯ ಧೂಳಿನ ಮಾಸ್ಕ್ ಬೇಕು. ಮುಗಿದ ಮೇಲೆ ಮೊದಲು ತಣ್ಣೀರು ಸುರಿದುಕೊಳ್ಳಿ, ಮೈ ತಿಕ್ಕಬೇಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ರೆಸಿನ್, ಅಸಿಟೋನ್ ಇರುವ ಕಡೆ ಬೀಡಿ, ಅಗರಬತ್ತಿ, ವೆಲ್ಡಿಂಗ್ ಯಾವುದೂ ಬೇಡ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಗ್ರೈಂಡರ್ ಹಿಡಿಯುವುದಾದರೆ ಟ್ಯಾಂಕ್ ಇಳಿಸಿಯೇ ಹಿಡಿಯಿರಿ.

ಬಣ್ಣ ಬದಲಿಸುವುದಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಬಣ್ಣ ಸೇರಿಸಬೇಕು. ಬಾಡಿಯ ಆಕಾರ ಬದಲಿಸುವ ಯೋಚನೆ ಇದ್ದರೆ ಮೊದಲೇ ಅಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದರಲ್ಲಿ ಬಿಗಿ ಇದೆ.

ಗ್ಯಾರೇಜಿಗೆ ಕೊಡುವಾಗ ನಾನು ಈಗ ಒಂದೇ ಶರತ್ತು ಹಾಕುತ್ತೇನೆ. ಪ್ರೈಮರ್ ಹೊಡೆಯುವ ಮೊದಲು ಫೋನ್ ಮಾಡಬೇಕು, ನಾನು ಬಂದು ಹಿಂಬದಿ ನೋಡಬೇಕು. ಟಾರ್ಚ್ ಮತ್ತು ಐದು ರೂಪಾಯಿ ನಾಣ್ಯ ಹಿಡಿದುಕೊಂಡೇ ಹೋಗುತ್ತೇನೆ. ಎಡ ಮಡ್‌ಗಾರ್ಡಿನ ಅಡಿ ಈಗಲೂ ಪ್ರತಿ ಮಳೆಗಾಲ ಮುಗಿದ ಮೇಲೆ ಮಲಗಿ ನೋಡುತ್ತೇನೆ. ನಾಲ್ಕು ಮಳೆ ಕಳೆದಿದೆ, ಗೆರೆ ಬಂದಿಲ್ಲ.